ಎರಡನೇ ಏಟು

"ಹೆಬ್ಬೆರಳು ಮುರಿದೇ ಹೋಗಿದೆಯಂತೆ ಕಣೆ, ಇಲ್ಲೀತನಕ ಪ್ಲಾಸ್ಟರ್ ಹಾಕಿದ್ದಾರಂತೆ," ಎಂದು ಸಹಪಾಠಿ ಗಿಣಿ ತನ್ನ ಮೊಣಕೈ ಮುಟ್ಟಿ ತೋರಿಸಿದಳು. "ನಿಮ್ಮಕ್ಕನ ತಲೆಗೆ ಹೊಡೆದೇ ಮುರಿದಿದ್ದು. ಅದೇನು ತಲೆನಾ, ಒರಳುಕಲ್ಲಾ? ಎಡಗೈ ಔಟು. ನಾಳೆ ಸಂಜೆ ಅವಳ ಜಾಗದಲ್ಲಿ ನಿಮ್ಮಕ್ಕನೇ ರಿಂಗಿಗೆ ಇಳಿಯೋದು. ಮನೇಲಿ ಹೇಳ್ಲೇ ಇಲ್ವಾ ನಿಂಗೆ?"

ಮನೆಯಲ್ಲಿ ಹೇಳಿರಲಿಲ್ಲ. ಸದಾ ವೈರು ಬೆಸೆಯುವವಳೆಂದು ಎಲ್ಲರೂ ತಂತಿ ಎಂದೇ ಕರೆಯುವ ಅವಳು ಕಾದ ಬೆಸುಗೆ ಕಡ್ಡಿಯನ್ನು ಅದರ ಸ್ಟ್ಯಾಂಡಿಗೆ ಸಿಕ್ಕಿಸಲು ಹೋಗಿ ಬೆರಳ ತುದಿ ಸುಟ್ಟುಕೊಂಡಳು. ಊಟದ ಬಿಡುವಿನಲ್ಲಿ ಕಾಲೇಜಿನ ಲ್ಯಾಬು ಖಾಲಿಯಿತ್ತು. ಮೇಜಿನ ಮೇಲೆ ಅಕ್ಕನ ತಲೆಗವಸು ಅಂಗಾತ ಬಿದ್ದಿತ್ತು, ಯಾರೋ ಕತ್ತರಿಸಿ ತಂದಿಟ್ಟ ತಲೆಯ ಹಾಗೆ, ಬೆವರು ಒಣಗಿ ಒಳಗೆಲ್ಲ ಬಿಳೀ ಗೆರೆ. ಎಡಗೈ ಎಂದರೆ ಅಕ್ಕನ ಜೊತೆ ಅದೇ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಯುವವಳು, ಎಡಗೈಯಲ್ಲಿ ಹೊಡೆಯುವವಳು, ನಾಳಿನ ತಂಡದ ಆಯ್ಕೆ ಪಂದ್ಯಕ್ಕೆ ಕೋಚು ಮೊದಲೇ ಆರಿಸಿಟ್ಟಿದ್ದವಳು. ಗೆದ್ದವರಿಗೆ ತಂಡದಲ್ಲಿ ಜಾಗ, ಹಾಸ್ಟೆಲ್ಲು, ಆಮೇಲೆ ಒಂದು ನೌಕರಿ. ಅಕ್ಕ ಎಷ್ಟೋ ವರ್ಷಗಳಿಂದ ಎರಡನೆಯವಳಾಗಿ, ಆರಿಸಿದವರಿಗೆ ಅಭ್ಯಾಸಕ್ಕೆ ಸಿಗುವ ಜೀವಂತ ಗೋಣಿಚೀಲವಾಗಿ ಬದುಕಿದವಳು. ಈಗ ಅವಳ ತಲೆಗೆ ಬಡಿದು ಇನ್ನೊಬ್ಬಳ ಬೆರಳು ಮುರಿದಿದೆ, ಅದರಿಂದ ಅವಳಿಗೆ ಅದೃಷ್ಟ ಒಲಿದಿದೆ. ಗಿಣಿ ನಗುತ್ತಲೇ ಇದ್ದಳು. ಶೆಡ್ಡಿನಲ್ಲೂ ಎಲ್ಲರೂ ನಗುತ್ತಿದ್ದಾರಂತೆ, ನಾಳೆ ಎದುರಾಳಿಗೆ ಕೈಗೆ ಮೊದಲೇ ಪ್ಲಾಸ್ಟರ್ ಹಾಕಿಸಿಕೊಂಡು ಬಾ ಅಂತ ಹೇಳಿ ಕಳಿಸಬೇಕಂತೆ.

ತಂತಿಯೂ ನಕ್ಕಳು. ನಗುತ್ತಲೇ ತಲೆಗವಸಿನ ಕಡೆ ನೋಡಿದಳು. ಮುರಿದ ಹೆಬ್ಬೆರಳಿನ ಇನ್ನೊಂದು ತುದಿಯಲ್ಲಿ ಅಕ್ಕನ ತಲೆಯಿತ್ತು. ಮೂಳೆ ಮುರಿಯುವಂಥ ಏಟು ಒಂದೇ ಕಡೆ ಹೋಗಿ ಇನ್ನೊಂದು ಕಡೆಯನ್ನು ಸುಮ್ಮನೆ ಬಿಡುವುದಿಲ್ಲ. ಇದು ಮೊದಲನೇ ವರ್ಷದ ಪಾಠ, ಅದರಲ್ಲಿ ಅವಳಿಗೆ ಒಳ್ಳೆಯ ಅಂಕವೇ ಬಂದಿತ್ತು. ಆದರೆ ಮೊನ್ನೆ ಕೆಂಪಿ ಕಣ್ಣು ಬಿಟ್ಟಿರಲಿಲ್ಲ. ಕೆಂಪಿ ಅಂದರೆ ಆ ತಲೆಗವಸಿನ ಹಿಂಬದಿಯಲ್ಲಿರುವ ಸಣ್ಣ ಕೆಂಪು ದೀಪ. ಅಮ್ಮ ಹೊಲಿದುಕೊಟ್ಟ ಚೀಲದೊಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಬೋರ್ಡು, ತಲೆ ಎಷ್ಟು ಜೋರಾಗಿ ಅಲುಗಿತೆಂದು ಅಳೆಯುವ ಒಂದು ಸೆನ್ಸರ್, ಬ್ಯಾಟರಿ, ಎಲ್ಲ ತಂತಿಯದೇ ಕೈಕೆಲಸ. ಏಟು ಮಿತಿ ಮೀರಿದರೆ ದೀಪ ಹತ್ತುತ್ತದೆ. ಹತ್ತಿದರೆ ಅಭ್ಯಾಸ ಅಲ್ಲಿಗೇ ನಿಂತಿತು, ಏಟು ತಿಂದವಳು ವಾರವಿಡೀ ಹೊರಗೆ. ಇದು ಶೆಡ್ಡಿನ ಕಾನೂನು. "ಕೆಂಪಿ ಏನಂತಾಳೆ?" ಎಂದು ಕೋಚೇ ಕೇಳುತ್ತಿದ್ದರು. ಒಂದು ಕಾಲಕ್ಕೆ ಇದೆಂಥ ಮಕ್ಕಳಾಟಿಕೆ ಎಂದು ಮೂಗು ಮುರಿದವರೇ ಈಗ ತಲೆ ಜುಮ್ಮೆಂದರೆ ತಲೆಯನ್ನು ಕೇಳುವುದು ಬಿಟ್ಟು ಕೆಂಪಿಯನ್ನು ಕೇಳುತ್ತಿದ್ದರು.

ಮೊನ್ನೆ ಅಭ್ಯಾಸದ ಹೊತ್ತಿಗೆ ತಂತಿ ರಿಂಗಿನ ಹಗ್ಗದ ಪಕ್ಕದಲ್ಲೇ ನಿಂತಿದ್ದಳು. ಎಡಗೈ ಮೊದಲು ಬಲಗೈ ಚಾಚಿ ಅಕ್ಕನ ಹಣೆಯನ್ನು ಮುಟ್ಟಿ ನೋಡಿದಳು, ಒಳಗೆ ಯಾರಿದ್ದೀರಿ ಎಂದು ಬಾಗಿಲು ತಟ್ಟಿದ ಹಾಗೆ. ಅದರ ಬೆನ್ನಿಗೇ ಬಾಗಿಲು ಒಡೆದು ನುಗ್ಗಿದಳು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬೀಸಿ ಒಗೆದಂಥ ಸದ್ದು. ಅಕ್ಕನ ಕತ್ತು ಒಂದು ಕಡೆಗೆ ಹೊರಳಿ ಬೆವರು ಸಿಡಿದು ತಂತಿಯ ತುಟಿಯ ಮೇಲೆ ಬಿತ್ತು. ಉಪ್ಪು. ಆಗ ಅವಳು ನೋಡುತ್ತಿದ್ದದ್ದು ಅಕ್ಕನ ಮುಖವನ್ನಲ್ಲ, ಕೆಂಪಿಯನ್ನು. ಹತ್ತು, ಹತ್ತು ಎಂದು ಹಲ್ಲು ಕಚ್ಚಿ ನಿಂತಿದ್ದಳು. ಹತ್ತಲಿಲ್ಲ. ಹತ್ತದಿದ್ದಾಗ ಅವಳಿಗೆ ಆದದ್ದು ಸಮಾಧಾನವಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರದಂಥ ನಿರಾಸೆ. ಅದನ್ನು ಅವಳು ಮೊನ್ನೆಯಿಂದ ಯಂತ್ರದ ಮೇಲಿನ ಪ್ರೀತಿ ಎಂದು ಕರೆದುಕೊಂಡಿದ್ದಳು. ಅದರ ಕೆಳಗೆ ಇನ್ನೊಂದು ಪದರವಿತ್ತು, ಅದಕ್ಕೆ ಹೆಸರಿಡುವ ಧೈರ್ಯವಿರಲಿಲ್ಲ. ಅಕ್ಕನ ಕೈ ಚಿಕ್ಕಂದಿನಿಂದ ಅವಳ ಬೆನ್ನಿಗೆ ಗೊತ್ತು. ರೇಡಿಯೋ ಬಿಚ್ಚಿದ್ದಕ್ಕೆ ಬಾಚಣಿಗೆ, ಗಡಿಯಾರ ಬಿಚ್ಚಿದ್ದಕ್ಕೆ ಸೌಟು, ಎದುರು ಮಾತಾಡಿದ್ದಕ್ಕೆ ಏನೂ ಸಿಗದೆ ಬರಿಗೈ. ಕೋಣೆಯ ಆ ತುದಿಯಿಂದ ಎಸೆದ ಚಪ್ಪಲಿ ಕತ್ತಲಲ್ಲೂ ಸರಿಯಾಗಿ ಅವಳ ಬೆನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಅಮ್ಮ ಲಾಂಡ್ರಿಯಿಂದ ಬರುವಷ್ಟರಲ್ಲಿ ಅಕ್ಕನೇ ಅವಳ ಬೆನ್ನಿಗೆ ಎಣ್ಣೆ ಸವರಿ, ಹೇಳಿದ್ರೆ ಇನ್ನೊಂದು ಬೀಳುತ್ತೆ ನೋಡು ಅನ್ನುತ್ತಿದ್ದಳು. ಮೊನ್ನೆ ಆ ಸದ್ದು ಕೇಳಿದಾಗ ತಂತಿಯ ಬೆನ್ನು, ಅವಳನ್ನು ಕೇಳದೆಯೇ, ಒಂದು ಕ್ಷಣ ತಣ್ಣಗಾಗಿತ್ತು.

"ಎಲ್ಲಿ, ನಾನೂ ನೋಡ್ತೀನಿ, ನನ್ನ ಏಟಿಗೆ ಕೆಂಪಿ ಹೆದರ್ತಾಳಾ," ಎಂದು ಗಿಣಿ ತಲೆಗವಸನ್ನು ಸ್ಟೂಲಿನ ಅಂಚಿಗೆ ಸಿಕ್ಕಿಸಿ ಮರದ ಸುತ್ತಿಗೆ ಎತ್ತಿಕೊಂಡಳು. ಒಂದು ಕುಕ್ಕಿದಳು, ಕೆಂಪಿ ಕಣ್ಣು ಬಿಟ್ಟಳು. ಇನ್ನೊಂದು, ಮತ್ತೆ ಬಿಟ್ಟಳು. ಗಿಣಿಗೆ ಹುರುಪು ಬಂತು. ಸುತ್ತಿಗೆ ಬಿಟ್ಟು ಎರಡೂ ಕೈಯಲ್ಲಿ ಡೋಲು ಬಡಿಯುವವಳ ಹಾಗೆ ಬಡಿದಳು, ಎಡಗೈಯಲ್ಲಿ ಮೆಲ್ಲಗೆ, ಅದರ ಹಿಂದೆಯೇ ಬಲಗೈಯಲ್ಲಿ ಸ್ಟೂಲೇ ಕುಣಿಯುವಂತೆ. ದೀಪ ಹತ್ತಲಿಲ್ಲ. ಮತ್ತೊಮ್ಮೆ. ಹತ್ತಲಿಲ್ಲ. "ಮುನಿಸಿಕೊಂಡ್ಳು," ಎಂದಳು ಗಿಣಿ. ತಂತಿ ಅವಳ ಕೈ ಹಿಡಿದು ನಿಲ್ಲಿಸಿ ತಾನೇ ಬಡಿದು ನೋಡಿದಳು. ಮೆಲ್ಲಗೆ, ಜೋರು. ಇಲ್ಲ. ಬರೀ ಜೋರು; ಹತ್ತಿತು. ಮೆಲ್ಲಗೆ, ಜೋರು, ಇಲ್ಲ. ಅಂಗೈ ಕೆಂಪಗಾಯಿತು, ಅವಳು ನಿಲ್ಲಿಸಲಿಲ್ಲ, ಸುಟ್ಟ ಬೆರಳಿನ ಗುಳ್ಳೆ ಒಡೆದು ನೀರು ಒಸರಿತು, ಆದರೂ ನಿಲ್ಲಿಸಲಿಲ್ಲ. ಕೊನೆಗೆ ಗಿಣಿಯೇ ಸಾಕು ಬಿಡೇ ಮಾರಾಯ್ತಿ, ಯಾರ ಮೇಲಿನ ಕೋಪ ಇದು ಎಂದು ತಲೆಗವಸನ್ನು ಕಿತ್ತುಕೊಂಡಳು.

ತಂತಿಗೆ ಈಗ ಹೊಳೆಯಿತು, ಅದು ಮೆಮೊರಿ ಕಾರ್ಡಿನಿಂದ. ಕಾರ್ಡು ಹಾಕುವ ಮುಂಚೆ ಕೆಂಪಿ ಒಂದು ಏಟನ್ನೂ ಬಿಟ್ಟವಳಲ್ಲ. ಏಟು ಬಿತ್ತು, ಅಳೆದಳು, ಹತ್ತಿದಳು ಅಥವಾ ಸುಮ್ಮನಿದ್ದಳು, ಮುಂದಿನದಕ್ಕೆ ತಯಾರು. ನೆನಪು ಅನ್ನುವುದೇ ಇರಲಿಲ್ಲ ಅವಳಿಗೆ. ಆಮೇಲೆ ಆಯ್ಕೆ ಸಮಿತಿಯ ಡಾಕ್ಟರು ಬರೀ ದೀಪ ಸಾಲದು, ದಾಖಲೆ ಬೇಕು ಅಂದರು. ತಂತಿ ತನ್ನ ಫೋನಿನ ಮೆಮೊರಿ ಕಾರ್ಡನ್ನೇ ಕಿತ್ತು, ಅದರ ಗೂಡಿಗೆ ತಂತಿಗಳನ್ನು ಬೆಸೆದು, ಏಟುಗಳನ್ನೆಲ್ಲ ಒಟ್ಟು ಹಾಕಿ ಕೊನೆಯಲ್ಲಿ ಒಮ್ಮೆಗೇ ಬರೆಯುವ ಹಾಗೆ ಮಾಡಿದ್ದಳು. ಡಾಕ್ಟರು ಬಂದ ದಿನ ಕೋಚು ಅವಸರಕ್ಕೆ ಬಿದ್ದು, ಅವಳು ಬೇಡ ಸರ್, ಇನ್ನೂ ಬರೆದಿಲ್ಲ ಅನ್ನುವಷ್ಟರಲ್ಲಿ, ಕಾರ್ಡನ್ನು ಉಗುರಿನಿಂದ ಎಬ್ಬಿಸಿ ಎಳೆದೇಬಿಟ್ಟರು. ಕಂಪ್ಯೂಟರಿಗೆ ಹಾಕಿದರೆ ಒಳಗೆ ಏನೂ ಇಲ್ಲ, ಸೊನ್ನೆ. ಇಡೀ ಶೆಡ್ಡು ಸುತ್ತ ನಿಂತಿತ್ತು. ನಿನ್ನ ಪೆಟ್ಟಿಗೆಗೆ ಅರಳುಮರಳು, ಎಂದರು ಕೋಚು. ಎಡಗೈ ಶಿಳ್ಳೆ ಹಾಕಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಆ ರಾತ್ರಿಯೇ ತಂತಿ ಕೋಡು ಬದಲಿಸಿದಳು. ಇನ್ನು ಒಂದೇ ಒಂದು ಏಟೂ ಕಳೆಯಬಾರದು: ಪ್ರತಿ ಏಟಿಗೂ ಕಡತ ತೆರೆ, ಬರೆ, ಮುಚ್ಚು. ಈಗ ಯಾರು ಯಾವಾಗ ಕಾರ್ಡು ಕಿತ್ತರೂ ಬರೆದದ್ದು ಭದ್ರ. ಲೆಕ್ಚರರು ಬೆನ್ನು ತಟ್ಟಿದ್ದರು. ತೆರೆದು ಬರೆದು ಮುಚ್ಚುವುದಕ್ಕೆ ಕಾರ್ಡಿಗೆ ರೆಪ್ಪೆ ಬಡಿಯುವಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಬೋರ್ಡು ತಲೆ ತಗ್ಗಿಸಿ ಕೂತಿರುತ್ತದೆ, ನೋಟ್ಸ್ ಬರೆದುಕೊಳ್ಳುವ ವಿದ್ಯಾರ್ಥಿಗೆ ಮೇಷ್ಟರು ಹಲಗೆಯ ಮೇಲೆ ಏನು ಅಳಿಸಿದರೆಂದು ಕಾಣದ ಹಾಗೆ. ಇದು ಅವಳಿಗೆ ಆಗ ಹೊಳೆಯಲೇ ಇಲ್ಲ. ಬಾಕ್ಸರುಗಳು ಒಂಟಿ ಏಟು ಹೊಡೆಯುವುದಿಲ್ಲ. ಮೊದಲನೆಯದು ಬಾಗಿಲು ತಟ್ಟಲಿಕ್ಕೆ, ಎರಡನೆಯದು ಕೊಲ್ಲಲಿಕ್ಕೆ. ಕೆಂಪಿ ಮೊದಲನೆಯದನ್ನು ಮುತುವರ್ಜಿಯಿಂದ ಬರೆದುಕೊಳ್ಳುತ್ತಾ ಕೂತಾಗಲೆಲ್ಲ ಎರಡನೆಯದು ಬಂದು ಹೋಗಿದೆ.

ಬಸ್ಸಿನಲ್ಲಿ ತಲೆಗವಸನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಎಲ್ಲವೂ ಜೋಡಿ ಜೋಡಿಯಾಗಿ ಕೇಳಿಸತೊಡಗಿತು. ಬಾಗಿಲು ಬಡಿಯಿತು, ಬಡಿಯಿತು. ಕಂಡಕ್ಟರು ಕಂಬಿಗೆ ಟಿಕೆಟ್ ಯಂತ್ರ ಕುಟ್ಟಿದ, ಕುಟ್ಟಿದ. ಎದುರು ಸೀಟಿನ ತಾಯಿ ಮಗುವಿನ ಕೆನ್ನೆಗೆ ಒಂದು ಬಿಟ್ಟಳು. ತಂತಿ ಎರಡನೆಯದಕ್ಕೆ ಕಾದಳು, ಮೈಯೆಲ್ಲ ಬಿಗಿಮಾಡಿ ಕಾದಳು, ಬರಲಿಲ್ಲ. ಮಗು ಅವಳನ್ನೇ ನೋಡಿತು. ಈ ದಿನ ಬೆಳಿಗ್ಗೆ ಅಕ್ಕ ಬಚ್ಚಲಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿ ಬಿಟ್ಟಿದ್ದಳು, ನೀರಿನ ಸದ್ದಿನ ಕೆಳಗೆ ವಾಂತಿಯ ಸದ್ದಿತ್ತು. ಆಮೇಲೆ ಬೀರುವಿನ ಬಾಗಿಲು ತೆರೆದುಕೊಂಡು ಅದರ ಮುಂದೆ ನಿಂತೇ ಇದ್ದಳು, ಏನು ತೆಗೆಯಲು ಬಂದೆನೆಂದು ಬಟ್ಟೆಗಳನ್ನೇ ಕೇಳುವ ಹಾಗೆ. ಅಂಗಿ ತಿರುಗುಮುರುಗಾಗಿ ಹಾಕಿದ್ದಳು. ಏನೇ ಇದು ವೇಷ ಎಂದು ಅಮ್ಮ ನಕ್ಕು, ನಾಳಿನ ಯೋಚನೆ ಅಂದಿದ್ದಳು. ನಾಳೆ ಏನೆಂದು ತಂತಿ ಕೇಳಿರಲಿಲ್ಲ. ಎಲ್ಲ ಕಂಡಿದ್ದಳು. ಕಂಡೂ ಕೆಂಪಿ ಹತ್ತಿಲ್ಲವಲ್ಲ ಎಂದು ಬ್ಯಾಗು ಹೆಗಲಿಗೇರಿಸಿ ಹೊರಟಿದ್ದಳು.

ಶೆಡ್ಡಿನಲ್ಲಿ ಕೋಚು ಒಬ್ಬಳ ಕೈಗೆ ಪಟ್ಟಿ ಸುತ್ತುತ್ತಿದ್ದರು. ಪಟ್ಟಿ ಸುತ್ತುವಾಗ ಅವರು ಯಾರ ಮುಖವನ್ನೂ ನೋಡುವವರಲ್ಲ. ತಂತಿ ಉಸಿರು ಬಿಡದೆ ಹೇಳಿದಳು: ಕಾರ್ಡು, ಕಡತ, ಮೊದಲನೇ ಏಟು, ಎರಡನೇ ಏಟು, ಹೆಬ್ಬೆರಳು. ಅವಳ ಮಾತು ಅವಳಿಗೇ ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಬರೆದ ಉದ್ದನೆಯ ಉತ್ತರದಂತೆ ಕೇಳಿಸಿತು. ಕೋಚು ಎಲ್ಲ ಕೇಳಿಸಿಕೊಂಡು, ಹೆಬ್ಬೆರಳನ್ನು ಸರಿಯಾಗಿ ಮಡಚದಿದ್ದರೆ ದಿಂಬಿಗೆ ಹೊಡೆದರೂ ಮುರಿಯುತ್ತದೆ, ಎಡಗೈಗೆ ನೂರು ಸಲ ಹೇಳಿದ್ದೆ ಅಂದರು. ಡಾಕ್ಟರು ನಿನ್ನ ಕಾರ್ಡು ನೋಡಿಯೇ ಸಹಿ ಹಾಕಿದ್ದಾರೆ, ಒಂದೂ ಕೆಟ್ಟ ಏಟಿಲ್ಲ ಅಂತ. ಈಗ ನೀನೇ ಬಂದು ಕಾರ್ಡು ಸುಳ್ಳು ಅಂದರೆ ನಾಳೆ ಆ ಕಡೆಯ ಹುಡುಗಿ ಕೈಯೆತ್ತದೆ ಗೆಲ್ಲುತ್ತಾಳೆ. ಸರಿ, ತೋರಿಸು ಎಂದರು. ತಂತಿ ತಲೆಗವಸನ್ನು ನೇತುಹಾಕಿದ ಮರಳಿನ ಚೀಲಕ್ಕೆ ಬಿಗಿದಳು. ಪಟ್ಟಿ ಸುತ್ತಿಸಿಕೊಂಡವಳು ಬಂದು ನಿಂತಳು. ಮೆಲ್ಲಗೆ ಒಂದು, ಚೀಲ ಹಿಂದಕ್ಕೆ ತೂಗಿತು, ಅದು ವಾಪಸ್ ಬರುವ ತನಕ ಕಾದು ಜೋರಾಗಿ ಇನ್ನೊಂದು. ಕೆಂಪಿ ಕಣ್ಣು ಬಿಟ್ಟಳು. ಹಾಗಲ್ಲ, ಕಾಯಬೇಡ, ಬೆನ್ನು ಬೆನ್ನಿಗೇ ಹೊಡಿ ಎಂದು ತಂತಿ ಗೋಗರೆದಳು. ಮತ್ತೆ ಹೊಡೆದಳು, ಮತ್ತೆ ಚೀಲ ತೂಗಿತು, ಮತ್ತೆ ಕೆಂಪಿ ಹತ್ತಿದಳು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನೋಡು, ನೀನು ಬೈದದ್ದು ಕೇಳಿ ರೋಷ ಬಂದಿದೆ ಅದಕ್ಕೆ, ಅಂದಳು ಒಬ್ಬಳು. ತಂತಿಯ ಕಿವಿ ಬಿಸಿಯಾಯಿತು. ಸೊನ್ನೆ ಕಂಡ ದಿನದ್ದೇ ನಗು, ಅದೇ ಗಂಟಲುಗಳಿಂದ. ಅವಳಿಗೆ ಆ ಚೀಲವನ್ನು ಚೂರಿಯಿಂದ ಬಗೆದು ಮರಳನ್ನೆಲ್ಲ ಅವರ ಬಾಯಿಗೆ ತುಂಬಬೇಕೆನಿಸಿತು.

ಕೋಚು ಅವಳನ್ನು ಬಾಗಿಲ ತನಕ ಕರೆದುಕೊಂಡು ಹೋದರು. ಅವರು ನಕ್ಕಿರಲಿಲ್ಲ. "ಚೀಲಕ್ಕೆ ಕತ್ತಿಲ್ಲಮ್ಮ," ಎಂದರು ಮೆಲ್ಲಗೆ. "ಕತ್ತಿರೋ ತಲೆ ಅದೇ ಜಾಗದಲ್ಲಿ ನಿಂತು ಎರಡನ್ನೂ ತಿನ್ನುತ್ತೆ. ಅಂಥಾ ತಲೆ ಯಾರದ್ದು ತರ್ತೀಯ ನೀನು? ನಿಮ್ಮಕ್ಕ ಇದಕ್ಕೋಸ್ಕರ ಎಷ್ಟು ಕಾದಿದ್ದಾಳೆ ಅಂತ ನಿಂಗೆ ಗೊತ್ತು. ದೀಪ ಹತ್ತಿಲ್ಲ, ಅವಳು ಚೆನ್ನಾಗಿದ್ದೀನಿ ಅಂತಾಳೆ. ನಾನು ಯಾರ ಮಾತು ಕೇಳ್ಲಿ?"

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮ ಲಾಂಡ್ರಿಯಿಂದ ಬಂದು ಇಸ್ತ್ರಿಯ ಬಿಸಿ ವಾಸನೆ ಸೀರೆಯಲ್ಲೇ ಇಟ್ಟುಕೊಂಡು ಮೊಟ್ಟೆ ಒಡೆಯುತ್ತಿದ್ದಳು, ಒಂದು, ಇನ್ನೊಂದು. ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದಿದ್ದಳು. ನಾಳೆಗೆ ರಜೆ ಕೇಳಿದ್ದಕ್ಕೆ ಮೇಲ್ವಿಚಾರಕ ಯಾಕೆ ಅಂದನಂತೆ, ನನ್ನ ಮಗಳು ಹೊಡೆದಾಟಕ್ಕೆ ಹೋಗ್ತಾಳೆ ಅಂದೆ, ಗಪ್‌ಚುಪ್ಪಾಗಿ ಕೊಟ್ಟ ನೋಡು ಎಂದು ಹೇಳಿ ತಾನೇ ನಕ್ಕಳು. ಇಷ್ಟು ವರ್ಷದಲ್ಲಿ ಅಮ್ಮ ಹೀಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ತಂತಿ ನೋಡಿರಲಿಲ್ಲ. ಒಳಕೋಣೆಯಲ್ಲಿ ಕಿಟಕಿಯ ಪರದೆ ಎಳೆದಿತ್ತು. ಅಕ್ಕ ಮಂಚದ ಮೇಲೆ ಕಣ್ಣಿಗೆ ಒದ್ದೆ ಟವೆಲ್ ಹಾಕಿಕೊಂಡು ಅಲುಗದೆ ಮಲಗಿದ್ದಳು, ಕೈಗಳು ಮಾತ್ರ ಎದೆಯ ಮೇಲೆ ಮುಷ್ಟಿ ಕಟ್ಟಿಕೊಂಡಿದ್ದವು. ಬಾಗಿಲು ಹಾಕು, ಬೆಳಕು ಬರುತ್ತೆ ಎಂದಳು. ತಂತಿ ಹಾಕಿದಳು. ತಲೆಗವಸನ್ನು ಎಲ್ಲಿಡುವುದೆಂದು ತಿಳಿಯದೆ ಹೊಟ್ಟೆಗೆ ಅವುಚಿಕೊಂಡು ನಿಂತಳು.

ಹೇಳಿದಳು. ಶೆಡ್ಡಿನಲ್ಲಿ ಹೇಳಿದಷ್ಟು ಉದ್ದ ಹೇಳಲಿಲ್ಲ. ಕೆಂಪಿ ಮೊನ್ನೆ ಎರಡನೇ ಏಟನ್ನು ನೋಡಲೇ ಇಲ್ಲ, ನಿನಗೆ ಪೆಟ್ಟಾಗಿದೆ, ನಾಳೆ ಇಳಿಯಬೇಡ, ಆಸ್ಪತ್ರೆಗೆ ಹೋಗೋಣ. ಅಕ್ಕ ಟವೆಲ್ ತೆಗೆಯದೆಯೇ ಕೇಳಿಸಿಕೊಂಡಳು. ಬೆಳಿಗ್ಗೆ ವಾಂತಿ ಮಾಡಿದ್ದು ಕೇಳಿಸ್ತು ಎಂದು ತಂತಿ ಅಂದಾಗ ಎದ್ದು ಕೂತಳು.

"ಹೊಟ್ಟೆಕಿಚ್ಚು ನಿಂಗೆ," ಎಂದಳು ಅಕ್ಕ. ಅವಳ ದನಿ ತಗ್ಗಿನಲ್ಲಿತ್ತು, ಅಮ್ಮನಿಗೆ ಕೇಳಿಸಬಾರದು. ನೀನು ಕಾಲೇಜು, ನೀನು ಲ್ಯಾಬು, ಬುದ್ಧಿವಂತೆ ಅಂದರೆ ಈ ಮನೆಯಲ್ಲಿ ನೀನೊಬ್ಬಳೇ. ನಂಗೆ ಇರೋದು ಈ ಎರಡು ಕೈ. ಇವತ್ತು ಮೊದಲನೇ ಸಲ ಅಮ್ಮ ನನ್ನ ಹೆಸರು ಹೇಳಿ ರಜೆ ಕೇಳಿದ್ದಾಳೆ, ಅದನ್ನ ನೋಡೋಕಾಗ್ತಿಲ್ಲ ನಿಂಗೆ. ಆ ಪೆಟ್ಟಿಗೆ ಹತ್ತಿದ್ದರೆ ಮೊನ್ನೆ ಎಷ್ಟು ಖುಷಿಯಾಗ್ತಿತ್ತು ನಿಂಗೆ, ನಾನು ನೋಡಿಲ್ಲ ಅಂದ್ಕೊಂಡಿದ್ದೀಯ? ನಿನ್ನ ಮುಖ ನೋಡ್ತಾ ಇದ್ದೆ ಕಣೆ ನಾನು. ಏಟು ಬಿದ್ದ ಮೇಲೆ ನಂಗೆ ಮೊದಲು ಕಂಡಿದ್ದು ನಿನ್ನ ಮುಖ.

ತಂತಿ ಇಲ್ಲ ಎನ್ನಬೇಕಿತ್ತು. "ಹೌದು," ಅಂದಳು. "ಖುಷಿಯಾಯ್ತು. ಒಂದು ಕ್ಷಣ ಆಯ್ತು. ಆದ್ರೂ ನೀನು ನಾಳೆ ಇಳಿಯೋ ಹಾಗಿಲ್ಲ."

ಅಕ್ಕ ಎದ್ದು ನಿಂತದ್ದು ಕಂಡಿತು. ತಂತಿಯ ಮೈ ಹಳೆಯ ಪಾಠ ಒಪ್ಪಿಸಿತು, ಹೆಗಲು ಕಿವಿಯ ತನಕ ಏರಿತು, ಕಣ್ಣುಗಳು ತಾವಾಗಿ ಮುಚ್ಚಿಕೊಂಡವು, ಎಡಗೆನ್ನೆ ಬರಲಿರುವ ಏಟಿಗಾಗಿ ಕಾದು ನಿಂತಿತು. ಗಾಳಿ ಬಂತು. ಕಿವಿಯ ಪಕ್ಕ ಬಿಸಿಯಾಗಿ ಏನೋ ಹಾದುಹೋಗಿ ಹಿಂದೆ ಬೀರುವಿನ ಅಂಚಿಗೆ ಧಡ್ ಎಂದು ಬಡಿಯಿತು, ಒಳಗಿನ ಹ್ಯಾಂಗರುಗಳೆಲ್ಲ ಗಲಗಲ ಅಂದವು. ಏಟು ಬಿದ್ದಿರಲಿಲ್ಲ. ತಂತಿ ಕಣ್ಣು ತೆರೆದಳು. ಅಕ್ಕ ಒಂದು ತೋಳಿನಷ್ಟು ದೂರದಲ್ಲಿದ್ದಳು, ಕೈ ಇನ್ನೂ ಬೀರುವಿನ ಮೇಲೆಯೇ ಇತ್ತು, ಗೆಣ್ಣುಗಳ ಚರ್ಮ ಸುಲಿದು ರಕ್ತ ಒಸರತೊಡಗಿತ್ತು. ಅವಳು ತನ್ನ ಕೈಯನ್ನು ನೋಡಿದಳು, ಆಮೇಲೆ ತಂತಿಯನ್ನು, ಮತ್ತೆ ಕೈಯನ್ನು, ಅಪರಿಚಿತರಿಬ್ಬರ ಜಗಳ ನೋಡುವವಳ ಹಾಗೆ.

"ಏನೇ ಅದು ಬಿದ್ದಿದ್ದು?" ಎಂದಳು ಅಮ್ಮ ಅಡುಗೆಮನೆಯಿಂದ.

"ಬಾಚಣಿಗೆ ಕಣಮ್ಮ," ಎಂದಳು ಅಕ್ಕ.

ಆಮೇಲೆ ಬಹಳ ಸಣ್ಣ ದನಿಯಲ್ಲಿ, ತಂತಿಯೊಬ್ಬಳಿಗೇ ಕೇಳುವ ಹಾಗೆ, "ಎಲ್ಲಿ ನಿಂತಿದ್ದೀಯ ನೀನು?" ಎಂದಳು.

"ಇಲ್ಲೇ."

"ಇಲ್ಲೇ ಅಂದ್ರೆ ಎಲ್ಲಿ?"

ತಂತಿ ಅಕ್ಕನ ಕೈ ಹಿಡಿದು ತನ್ನ ಭುಜದ ಮೇಲಿಟ್ಟುಕೊಂಡಳು. ರಕ್ತ ಅಂಗಿಗೆ ಇಂಗಿತು, ಬೆಚ್ಚಗೆ. ಹೊಡೆಸಿಕೊಳ್ಳದೆ ಉಳಿದ ಕೆನ್ನೆ ಹೊಡೆಸಿಕೊಂಡದ್ದಕ್ಕಿಂತ ಉರಿಯುತ್ತಿತ್ತು. ಇಷ್ಟು ವರ್ಷ ಅವಳು ಬೇಡಿಕೊಂಡದ್ದು ಇದನ್ನೇ, ಒಂದು ಸಲ ಗುರಿ ತಪ್ಪಲಿ, ಒಂದೇ ಒಂದು ಸಲ. ತಪ್ಪಿತ್ತು. ಅದು ಇಷ್ಟು ಭಯಂಕರವಾಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಈಗಲೇ ಆಸ್ಪತ್ರೆಗೆ ಹೋಗೋಣ ಎಂದಳು. ಅಕ್ಕ ಹಲ್ಲು ಕಚ್ಚಿಕೊಂಡೇ ಬೇಡವೆಂದು ತಲೆಯಾಡಿಸಿದಳು, ತಲೆಯಾಡಿಸಿದ್ದಕ್ಕೆ ನೋವಾಗಿ ಕಣ್ಣು ಮುಚ್ಚಿದಳು. ಆಸ್ಪತ್ರೆಗೆ ಹೋದರೆ ಅಮ್ಮನಿಗೆ ಗೊತ್ತಾಗುತ್ತೆ, ಶೆಡ್ಡಿಗೆ ಗೊತ್ತಾಗುತ್ತೆ, ಹೆದರಿ ಓಡಿಹೋದಳು ಅಂತಾರೆ. ದೀಪ ಹತ್ತದೆ ಇದ್ದಾಗ ನಾನೇ ಹೋಗಿ ಕೂತರೆ ಜೀವಮಾನವಿಡೀ ಅದನ್ನೇ ಹೇಳ್ತಾರೆ. ಯಾರಾದ್ರೂ ನನ್ನ ಹೊರಗೆ ಹಾಕ್ಬೇಕು ಕಣೆ, ಎಂದಳು ಅಕ್ಕ. ನಾನಾಗೇ ಹೋಗೋಕೆ ನಂಗೆ ಬರಲ್ಲ.

ಆ ಮಾತಿನ ಅರ್ಥ ಮೈಗೆ ಹತ್ತಲು ತಂತಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಫೋನ್ ತೆಗೆದು ಕೋಚಿಗೆ ಹಚ್ಚಿ, ಅಕ್ಕನಿಗೂ ಕೇಳಿಸುವ ಹಾಗೆ ಮಂಚದ ಮೇಲಿಟ್ಟಳು. ಅಕ್ಕ ತಡೆಯಲಿಲ್ಲ. ಗೆಣ್ಣಿಗೆ ಟವೆಲ್ ಸುತ್ತಿಕೊಂಡು ಪಕ್ಕದಲ್ಲಿ ಕೂತಳು.

"ಸರ್, ಕತ್ತಿರೋ ತಲೆ ಸಿಕ್ತು," ಎಂದಳು ತಂತಿ. "ನಂದು. ಕೆಂಪೀನ ನಾನು ಹಾಕ್ಕೋತೀನಿ. ಒಂದು ಮೆಲ್ಲಗೆ, ಬೆನ್ನಿಗೇ ಒಂದು ಜೋರಾಗಿ. ನಾನು ಅಲುಗಲ್ಲ."

ಆ ಕಡೆ ಶೆಡ್ಡಿನ ಸದ್ದು ಕೇಳುತ್ತಿತ್ತು, ಯಾರೋ ಹಗ್ಗ ಕುಣಿಯುತ್ತಿದ್ದರು, ಹಗ್ಗ ನೆಲಕ್ಕೆ ಬಡಿಯುತ್ತಿತ್ತು. ತಲೆ ಕೆಟ್ಟಿದೆಯಾ ನಿಂಗೆ ಅಂದರು ಕೋಚು. ಕಡ್ಡಿಯಂಥವಳು, ನಿಂಗೆ ಯಾರು ಹೊಡೀತಾರೆ, ನನ್ನ ಕೈಯಲ್ಲಾಗಲ್ಲ, ಇಲ್ಲಿ ಯಾರನ್ನೂ ನಾನು ಒಪ್ಪಿಸಲ್ಲ. ಇನ್ನೂ ಏನೋ ಹೇಳುವವರಿದ್ದರು.

"ನಾನು ಹೊಡೀತೀನಿ ಸರ್," ಎಂದಳು ಅಕ್ಕ.

ಹಗ್ಗದ ಸದ್ದು ನಿಂತಿತು, ಅಥವಾ ಕೋಚು ಆ ಸದ್ದಿನಿಂದ ಆಚೆ ಬಂದರು. ಅಕ್ಕ ತಂಗಿ ಇಬ್ಬರ ಮೌನವನ್ನೂ ಅವರು ಪಟ್ಟಿ ಸುತ್ತುವಾಗಿನಂತೆ, ಮುಖ ನೋಡದೆ, ಕೈಯಿಂದಲೇ ಮುಟ್ಟಿ ನೋಡುತ್ತಿದ್ದಾರೆಂದು ತಂತಿಗೆ ಅನಿಸಿತು. ಕೊನೆಗೆ, "ಬೆಳಿಗ್ಗೆ ಶಟರ್ ಎತ್ತೋ ಹೊತ್ತಿಗೆ ಬನ್ನಿ, ಇಬ್ಬರೂ," ಎಂದರು. "ಬೇರೆ ಯಾರೂ ಇರಲ್ಲ. ದೀಪ ಹತ್ತಲಿಲ್ಲ ಅಂದ್ರೆ ನಾನೇ ಅವಳ ಹೆಸರು ತೆಗೀತೀನಿ, ಅಲ್ಲಿಂದಲೇ ಆಸ್ಪತ್ರೆಗೆ. ತಂತಿ, ಏನೂ ತಿಂದು ಬರ್ಬೇಡ."

ಏಟು ನೆಟ್ಟಗೆ ಬಿದ್ದರೆ ಕೆಂಪಿ ಹತ್ತುವುದಿಲ್ಲ, ಕೋಚು ನೋಡುತ್ತಾರೆ. ಏಟು ಬೀಳದೆ ಗಾಳಿಗೆ ಹೋದರೆ ಅದನ್ನೂ ಕೋಚು ನೋಡುತ್ತಾರೆ. ಎರಡರಲ್ಲಿ ಯಾವುದಾದರೂ ಅಕ್ಕ ನಾಳೆ ಸಂಜೆ ಇಳಿಯುವುದಿಲ್ಲ. ಇಷ್ಟು ತಂತಿ ಲೆಕ್ಕ ಹಾಕಿಯಾಗಿತ್ತು, ಅಕ್ಕನೂ ಹಾಕಿದ್ದಾಳೆಂದು ಅವಳ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ತಟ್ಟೆಗಳನ್ನು ಇಡುತ್ತಾ ನಾಳೆ ಯಾವ ಸೀರೆ ಉಡಲಿ ಎಂದು ಕೇಳಿದಳು. ಅಕ್ಕ ಮಂಚದಿಂದ ಎದ್ದು ತಂತಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದಳು, ಅವಳ ಪಾದವನ್ನು ತನ್ನ ಪಾದದಿಂದ ಒತ್ತಿ ಅಗಲಿಸಿದಳು. ಗದ್ದ ಒಳಗೆ ಎಳ್ಕೋ, ಎಂದಳು. ಹಲ್ಲು ಕಚ್ಚು, ನಾಲಿಗೆ ಮಧ್ಯ ಬರಬಾರದು. ಗದ್ದವನ್ನು ಒಳಕ್ಕೆ ಒತ್ತಲು ಬಂದ ಬೆರಳು ಮೊದಲು ಕೆನ್ನೆಯ ಮೇಲೆ ಬಿತ್ತು, ತಡವಿಕೊಂಡು ಇಳಿದು, ತುಟಿಯ ಅಂಚು ದಾಟಿ, ಗದ್ದವನ್ನು ಹುಡುಕಿಕೊಂಡಿತು.

"ಕಣ್ಣು ಮುಚ್ಬೇಡ ನಾಳೆ," ಎಂದಳು ಅಕ್ಕ. "ನೀನು ಯಾವಾಗ್ಲೂ ಮುಚ್ಕೋತೀಯ."

"ಮುಚ್ಚಲ್ಲ," ಎಂದಳು ತಂತಿ. ಗದ್ದ ಒಳಗೆಳೆದುಕೊಂಡು, ಹಲ್ಲು ಕಚ್ಚಿಕೊಂಡು, ಕಣ್ಣು ಅಗಲ ತೆರೆದು ಅಲ್ಲಿಯೇ ನಿಂತಳು. ಬೆಳಿಗ್ಗೆ ಅಕ್ಕನ ಮುಷ್ಟಿ ಎತ್ತಲೂ ಹೊರಳದೆ, ಹುಡುಕದೆ, ಆ ಹಳೆಯ ಚಪ್ಪಲಿಯಷ್ಟೇ ನೆಟ್ಟಗೆ ಬಂದು ತನ್ನ ಮುಖದ ಮಧ್ಯಕ್ಕೇ ಬೀಳಲಿ ಎಂದು, ಜೀವಮಾನದಲ್ಲಿ ಮೊದಲ ಸಲ, ಬೇಡಿಕೊಂಡಳು.

"ಬೇಗ ಮಲಗು," ಎಂದಳು ಅಕ್ಕ. "ಬೆಳಿಗ್ಗೆ ನಾನೇ ಏಳ್ದಿದ್ರೆ, ಎಬ್ಬಿಸು ನನ್ನ."